ಟಯರಿನ ಗಾಳಿ ಇಳಿಸುವ ಸಾಧನ: ಕೊಳ್ಳುವ ಮುನ್ನ

ಊರ್ಡಿಗೆರೆ, ದೇವರಾಯನದುರ್ಗದ ಸುತ್ತಿನ ಮಣ್ಣುದಾರಿಗಳಲ್ಲಿ ಜೀಪು ಓಡಿಸುವ ವರ್ತಕ ಬಾಂಧವರು ಟಯರ್ ಡಿಫ್ಲೇಟರ್ ಕೊಳ್ಳುವ ಮುನ್ನ ಕೆಲವು ಅಂಶಗಳನ್ನು ಗಮನಿಸುವುದು ಒಳಿತು.

ಗಾಳಿ ತಗ್ಗಿಸಿದ ಟಯರು ನೆಲಕ್ಕೆ ಹೆಚ್ಚು ಉದ್ದವಾಗಿ ಒತ್ತಿಕೊಳ್ಳುತ್ತದೆ. ಭಾರ ಹಂಚಿಹೋಗಿ ಚಕ್ರವು ಸಡಿಲ ಮಣ್ಣಿನಲ್ಲಿ ಹೂಳುವುದು ಕಡಿಮೆಯಾಗುತ್ತದೆ.

ನಿಗದಿತ ಒತ್ತಡಕ್ಕೆ ತಾನೇ ನಿಲ್ಲುವ ಹಿತ್ತಾಳೆಯ ಸಣ್ಣ ಸಾಧನಗಳನ್ನು ನಾಲ್ಕು ಚಕ್ರಗಳಿಗೂ ಒಮ್ಮೆಗೇ ತೊಡಿಸಬಹುದು. ಆದರೆ ಅವನ್ನು ಮೊದಲು ಮೀಟರಿನೊಡನೆ ಹೊಂದಿಸಿಕೊಳ್ಳಬೇಕು, ಆಗಾಗ ಪರೀಕ್ಷಿಸಲೂಬೇಕು. ವಾಲ್ವ್ ಪಿನ್ನನ್ನು ಬಿಚ್ಚಿ ಗಾಳಿ ಬಿಡುವ, ಮೀಟರು ಸಹಿತವಾದ ಸಾಧನವು ಒಂದು ಸಲಕ್ಕೆ ಒಂದೇ ಚಕ್ರಕ್ಕೆ ಒದಗಿದರೂ ಬಹು ಶೀಘ್ರವಾದದ್ದು. ಪಿನ್ನು ಒಳಗೇ ಉಳಿಯುವುದರಿಂದ ಮಣ್ಣಿನಲ್ಲಿ ಕಳೆಯುವುದಿಲ್ಲ. ಮೀಟರಿನ ಅಳತೆ 60 ಪಿಎಸ್‌ಐವರೆಗೆ ಇದ್ದರೆ ಸಾಕು. 150ರವರೆಗಿನ ಮೀಟರಿನಲ್ಲಿ 20ರ ಆಸುಪಾಸನ್ನು ನಿಖರವಾಗಿ ಓದುವುದು ಕಷ್ಟ. ವರ್ಷಕ್ಕೆರಡು ಬಾರಿ ಹೋಗುವವರಿಗೆ ಸಾಧಾರಣ ಗಾಳಿಮೀಟರೊಂದೇ ಸಾಲದೇ ಎಂಬುದು ನನ್ನ ಪ್ರಶ್ನೆ.

ಕಂಪ್ರೆಸರಿನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಗಾಳಿ ತುಂಬಿಸದೆ ಡಾಂಬರು ರಸ್ತೆಗೆ ಬಂದು ವೇಗವಾಗಿ ಓಡಿಸಿದರೆ ಟಯರಿನ ಪಕ್ಕಗಳು ಬಳುಕಿ, ಕಾದು, ಸಿಡಿಯುವ ಅಪಾಯವಿದೆ. ಟ್ಯೂಬ್ ಇರುವ ಟಯರು ಗಾಳಿ ತೀರ ಕಡಿಮೆಯಾದಾಗ ರಿಮ್ಮಿನ ಮೇಲೆ ಜಾರಿ ವಾಲ್ವು ಕಿತ್ತುಬರಬಹುದು. ಸರಕು ತುಂಬಿದ ಪಿಕಪ್ ವಾಹನಕ್ಕಂತೂ ಈ ಉಪಾಯವೇ ಬೇಡ. ಆ ಭಾರವನ್ನು ಹೊರುವುದು ಗಾಳಿಯೇ.

ಇನ್ನು ಲೆಕ್ಕಪತ್ರದ ಮಾತು: ವಿಹಾರದ ಸ್ವಂತ ಜೀಪಿಗೆ ಕೊಂಡದ್ದನ್ನು ಅಂಗಡಿಯ ಖರ್ಚಿಗೆ ಬರೆಯಲಾಗದು, ಜಿಎಸ್‌ಟಿ ಇನ್‌ಪುಟ್ ತೆರಿಗೆ ಜಮೆಯೂ ಅದಕ್ಕೆ ದೊರೆಯದು.