ಮುಹೂರ್ತಕ್ಕೆ ಮುನಿದ ಗುಂಡಿ

ಮದುವೆಯ ಮನೆಯಲ್ಲಿ ಪುರೋಹಿತರು ತಡವಾಗಿ ಬಂದರೆ ಕಾಯಬಹುದು. ಅಡಿಗೆಯವರು ತಡಮಾಡಿದರೂ ಹೇಗೋ ಸುಧಾರಿಸಬಹುದು. ಆದರೆ ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ಛಾಯಾಚಿತ್ರಗಾರನ ಕ್ಯಾಮರಾ ಮುಷ್ಕರ ಹೂಡಿದರೆ ಮಾಡುವುದೇನು? ‘ಮತ್ತೊಮ್ಮೆ ಕಟ್ಟಿ’ ಎಂದು ವರನಿಗೆ ಹೇಳಲು ಬರುವುದಿಲ್ಲವಷ್ಟೆ.

ಇಂತಹದೊಂದು ಪೇಚು ನನ್ನ ಸೋದರಳಿಯನಿಗೆ ಬಂದೊದಗಿತು. ನ್ಯಾಮತಿಯಲ್ಲಿ ಫೋಟೋ ತೆಗೆಯುವ ವೃತ್ತಿಯನ್ನು ಹೊಸದಾಗಿ ಹಿಡಿದಿರುವ ಈ ಹುಡುಗ, ಚನ್ನಗಿರಿಯ ಕಡೆಯವರೊಬ್ಬರಿಂದ ಬಳಸಿದ ಡಿಜಿಟಲ್ ಕ್ಯಾಮರಾವೊಂದನ್ನು ಕೊಂಡಿದ್ದ. ಅವನ ತಾಯಿ ಸಂಘದಿಂದ ತೆಗೆದ ಸಾಲದ ಹಣವೂ ಅದರಲ್ಲಿ ಸೇರಿತ್ತು. ಹೊನ್ನಾಳಿಯ ಮದುವೆಯೊಂದಕ್ಕೆ ಮುಂಗಡವನ್ನು ಪಡೆದೂ ಆಗಿತ್ತು. ಮದುವೆಗೆ ಇನ್ನು ನಾಲ್ಕೇ ದಿನ ಉಳಿದಿರುವಾಗ, ಬಾಡಿದ ಮುಖ ಹೊತ್ತು ನನ್ನ ಬಳಿಗೆ ಬಂದ.

“ಮಾವ, ಗುಂಡಿ ಒತ್ತಿದರೆ ಒಮ್ಮೊಮ್ಮೆ ಫೋಟೋ ಬೀಳುತ್ತದೆ, ಒಮ್ಮೊಮ್ಮೆ ಬೀಳುವುದಿಲ್ಲ. ಕೊಳ್ಳುವಾಗ ಹತ್ತು ಫೋಟೋ ತೆಗೆದು ನೋಡಿದ್ದೆ. ಆಗ ಸರಿಯಾಗಿಯೇ ಇತ್ತು.”

ರೀಲು ಹಾಕುವ ಕ್ಯಾಮರಾಗಳೊಡನೆ ಹಲವು ವರ್ಷ ಒಡನಾಡಿದವನು ನಾನು. ಆ ಹಳೆಯ ಯಂತ್ರಗಳಲ್ಲಿ ಗುಂಡಿಗೂ ಷಟರಿಗೂ ನಡುವೆ ಇರುತ್ತಿದ್ದುದು ಸನ್ನೆಕೋಲು, ಸ್ಪ್ರಿಂಗು ಅಷ್ಟೆ. ಬೆರಳು ಒತ್ತಿತೆಂದರೆ ಕೊಂಡಿ ಕಳಚಿ ಷಟರು ತೆರೆಯಲೇಬೇಕು. ಡಿಜಿಟಲ್ ಕ್ಯಾಮರಾದ ಸಂಗತಿ ಬೇರೆ. ಇಲ್ಲಿ ಗುಂಡಿ ಕೇವಲ ಒಂದು ವಿದ್ಯುತ್ ಸ್ವಿಚ್ಚು. ಅದು ಆಜ್ಞೆಯನ್ನು ಕೊಡುವುದಿಲ್ಲ, ಅರ್ಜಿಯನ್ನು ಸಲ್ಲಿಸುತ್ತದೆ. ಬ್ಯಾಟರಿ, ನೆನಪಿನ ಕಾರ್ಡು, ಲೆನ್ಸು, ಫೋಕಸ್ಸು ಎಲ್ಲವೂ ಒಪ್ಪಿದ ಮೇಲೆ ಒಳಗಿನ ಗಣಕ ಷಟರನ್ನು ತೆರೆಯುತ್ತದೆ. ೧೯೭೫ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ರಚಿಸಿದ ಮೊದಲ ಡಿಜಿಟಲ್ ಕ್ಯಾಮರಾ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿಗೆ ಬರೆದುಕೊಳ್ಳಲು ೨೩ ಸೆಕೆಂಡು ಹಿಡಿಯುತ್ತಿತ್ತು. ಇಂದು ಅದೇ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಆದರೆ ಅರ್ಜಿ ಎಲ್ಲಿ ತಡೆದು ನಿಂತಿತೆಂಬುದನ್ನು ಕಂಡುಹಿಡಿಯುವ ಹೊಣೆ ಮಾತ್ರ ನಮ್ಮದು.

ಆದುದರಿಂದ ಸ್ಕ್ರೂಡ್ರೈವರಿಗೆ ಕೈಹಾಕುವ ಮೊದಲು ಒಂದೊಂದಾಗಿ ವಿಚಾರಿಸತಕ್ಕದ್ದು. ಬ್ಯಾಟರಿ ಪೂರ್ತಿ ತುಂಬಿದೆಯೆ? ಕಾರ್ಡಿನಲ್ಲಿ ಜಾಗವಿದೆಯೆ? ಎಸ್.ಡಿ. ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಬೀಗ ಕೆಳಗೆ ಜಾರಿದ್ದರೆ ಕ್ಯಾಮರಾ ಏನನ್ನೂ ಬರೆದುಕೊಳ್ಳಲಾರದು. ಇವೆಲ್ಲ ಸರಿಯಾಗಿದ್ದರೆ ಫೋಕಸ್ಸನ್ನು ಸಂಶಯಿಸಬೇಕು. ವಸ್ತು ತೀರ ಹತ್ತಿರವಿದ್ದರೆ, ಮಂದ ಬೆಳಕಿದ್ದರೆ, ಅಥವಾ ಎದುರಿಗಿರುವುದು ಬರಿಯ ಬಿಳಿಯ ಗೋಡೆಯಾಗಿದ್ದರೆ, ಫೋಕಸ್ಸು ನಿಲ್ಲುವವರೆಗೂ ಷಟರನ್ನು ಬಿಡದ ಕ್ಯಾಮರಾಗಳು ಬಹಳ. ಲೆನ್ಸಿನ ಸ್ವಯಂಫೋಕಸ್ಸನ್ನು ತಪ್ಪಿಸಿ ಕೈಯಿಂದ ತಿರುಗಿಸುವ ಕ್ರಮಕ್ಕೆ ತಂದಾಗ ಗುಂಡಿ ಕೆಲಸ ಮಾಡಿದರೆ, ದೋಷ ಗುಂಡಿಯದಲ್ಲ.

ಬಳಸಿದ ಕ್ಯಾಮರಾದಲ್ಲಿ ಇನ್ನೊಂದು ತೊಡಕುಂಟು. ಹಿಂದಿನ ಒಡೆಯನ ಅಭ್ಯಾಸಗಳು ಅದರ ನೆನಪಿನಲ್ಲಿ ಉಳಿದಿರುತ್ತವೆ. ಕೆಲವರು ಫೋಕಸ್ ಮಾಡುವ ಕೆಲಸವನ್ನು ಬೆನ್ನಿನ ಮೇಲಿನ ಬೇರೊಂದು ಗುಂಡಿಗೆ ವಹಿಸಿರುತ್ತಾರೆ. ಕೆಲವರು ಹತ್ತು ಸೆಕೆಂಡು ಕಾಯುವ ಟೈಮರನ್ನು ಹಾಗೆಯೇ ಬಿಟ್ಟಿರುತ್ತಾರೆ. ಮೆನುವಿನಲ್ಲಿ ಎಲ್ಲವನ್ನೂ ಮೊದಲಿನ ಸ್ಥಿತಿಗೆ ಮರಳಿಸುವ ಏರ್ಪಾಡನ್ನು ಒಮ್ಮೆ ನಡೆಸಿಬಿಟ್ಟರೆ ಈ ಸಂಶಯ ತೀರುತ್ತದೆ. ಲೆನ್ಸನ್ನು ಕಳಚಿ, ಅದರ ಹಿಂಬದಿಯ ಲೋಹದ ಚುಕ್ಕೆಗಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸುವುದೂ ಒಳ್ಳೆಯದು.

ನಾವು ಇದನ್ನೆಲ್ಲ ಮಾಡಿದೆವು. ಅರ್ಧ ಒತ್ತಿದಾಗ ಹಸಿರು ಚುಕ್ಕೆ ಪ್ರತಿ ಬಾರಿಯೂ ಬೆಳಗುತ್ತಿತ್ತು. ಪೂರ್ತಿ ಒತ್ತಿದಾಗ ಮಾತ್ರ ನಾಲ್ಕಕ್ಕೊಂದು ಸಲ ಮೌನ. ಕೊನೆಗೆ ಕ್ಯಾಮರಾದ ಪರದೆಯನ್ನೇ ಮುಟ್ಟಿ ಚಿತ್ರ ತೆಗೆಯುವ ಏರ್ಪಾಡನ್ನು ಪರೀಕ್ಷಿಸಿದೆವು. ಇಪ್ಪತ್ತು ಸಲ ಮುಟ್ಟಿದರೆ ಇಪ್ಪತ್ತು ಚಿತ್ರ! ತಂತಿಯ ರಿಮೋಟನ್ನು ಚುಚ್ಚಿ ನೋಡಿದಾಗಲೂ ಹಾಗೆಯೇ. ಅಂದ ಮೇಲೆ ಷಟರು ಆರೋಗ್ಯವಾಗಿದೆ, ಗಣಕ ಆರೋಗ್ಯವಾಗಿದೆ. ರೋಗವಿರುವುದು ಗುಂಡಿಯ ಕೆಳಗಿನ ಎರಡನೆಯ ಸ್ಪರ್ಶದಲ್ಲಿ ಎಂದು ನಿರ್ಧಾರವಾಯಿತು.

ಈ ಗುಂಡಿಗೆ ಎರಡು ಮಜಲು. ಹಲವು ಕ್ಯಾಮರಾಗಳಲ್ಲಿ ಅದರ ಕೆಳಗೆ ಒಂದರ ಮೇಲೊಂದರಂತೆ ಮೂರು ತೆಳ್ಳನೆಯ ಲೋಹದ ಎಲೆಗಳಿರುತ್ತವೆ. ಅರ್ಧ ಒತ್ತಿದರೆ ಮೊದಲನೆಯದು ಎರಡನೆಯದನ್ನು ಮುಟ್ಟಿ ಫೋಕಸ್ಸಿಗೂ ಬೆಳಕಿನ ಅಳತೆಗೂ ಸೂಚನೆ ಕೊಡುತ್ತದೆ. ಪೂರ್ತಿ ಒತ್ತಿದರೆ ಅವೆರಡೂ ಮೂರನೆಯದನ್ನು ಮುಟ್ಟಿ ಷಟರಿಗೆ ಕರೆ ಹೋಗುತ್ತದೆ. ಬೆರಳಿನ ಬೆವರು, ಜಿಡ್ಡು, ಗಾಳಿಯ ತೇವ, ನುಣ್ಣನೆಯ ಧೂಳು ಸೇರಿ ಈ ಎಲೆಗಳ ಮೇಲೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತವೆ. ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿದ್ದ ಕ್ಯಾಮರಾಕ್ಕೆ ಈ ಬಾಧೆ ಹೆಚ್ಚು. ನಮ್ಮ ಸೀಮೆಯೂ ಇದಕ್ಕೆ ಅನುಕೂಲವಾಗಿಯೇ ಇದೆ: ಚನ್ನಗಿರಿಯ ಅಡಿಕೆ ತೋಟಗಳ ತಂಪು, ಹೊನ್ನಾಳಿಯ ತುಂಗಭದ್ರೆಯ ದಡದ ತೇವ, ಮಳೆ ಕಡಮೆಯ ಜಗಳೂರಿನ ಒಣಧೂಳು. ೧೯೯೭ರಲ್ಲಿ ಶಿವಮೊಗ್ಗದ ತಾಲ್ಲೂಕುಗಳನ್ನೂ ಚಿತ್ರದುರ್ಗದ ತಾಲ್ಲೂಕುಗಳನ್ನೂ ಕೂಡಿಸಿ ಕಟ್ಟಿದ ದಾವಣಗೆರೆ ಜಿಲ್ಲೆಯಲ್ಲಿ ಮಲೆನಾಡಿನ ಸೆರಗೂ ಬಯಲುಸೀಮೆಯ ಬಿಸಿಲೂ ಒಂದಾಗಿ ಸೇರಿವೆ.

ಇನ್ನು ಚಿಕಿತ್ಸೆ. ಬ್ಯಾಟರಿಯನ್ನು ತೆಗೆದಿಟ್ಟು, ಗುಂಡಿಯ ಸುತ್ತಣ ಸಂದನ್ನು ಮೆತ್ತನೆಯ ಕುಂಚದಿಂದ ಬಿಡಿಸಿದೆವು. ಗುಂಡಿಯನ್ನು ನೂರು ಬಾರಿ ಒತ್ತಿ ಬಿಟ್ಟೆವು. ಎಲೆಗಳ ಉಜ್ಜಾಟದಿಂದಲೇ ಪೊರೆ ಹರಿಯುವುದುಂಟು. ಆಮೇಲೆ ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಯ ಕಡ್ಡಿಗೆ ತಾಕಿಸಿ, ಸಂದಿಗೆ ಒಂದೇ ಹನಿ ಸೋಕಿಸಿ, ಮತ್ತೆ ಒತ್ತಿ, ಕೆಲವು ಗಂಟೆಗಳ ಕಾಲ ಆರಲು ಬಿಟ್ಟೆವು. ಕೈಗೆ ಹಚ್ಚುವ ಸ್ಯಾನಿಟೈಸರು ಇದಕ್ಕೆ ಬಾರದು, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆಗಳನ್ನಂತೂ ಹತ್ತಿರ ತರಲೇಬಾರದು. ಇಂದು ನಯವಾದರೆ ನಾಳೆ ಧೂಳನ್ನೆಲ್ಲ ಕರೆದು ಕೂರಿಸುತ್ತವೆ.

“ಮಾವ, ಬಿಚ್ಚಿಯೇ ನೋಡಿಬಿಡೋಣವೇ?” ಎಂದ ಹುಡುಗ.

ಬೇಡವೆಂದೆ. ಫ್ಲಾಷ್ ಇರುವ ಕ್ಯಾಮರಾದೊಳಗೆ ಸುಮಾರು ೩೦೦ ವೋಲ್ಟಿನ ವಿದ್ಯುತ್ತನ್ನು ಸಂಗ್ರಹಿಸಿಡುವ ಕೆಪ್ಯಾಸಿಟರ್ ಒಂದಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ ಆಘಾತ ಉಳಿದಿರಬಹುದು. ಬಿಚ್ಚುವುದು ಬಲ್ಲವರ ಕೆಲಸ.

ಮರುದಿನ ನೂರು ಬಾರಿ ಒತ್ತಿ ಎಣಿಸಿದೆವು. ಮೂರು ಸಲ ಮಾತ್ರ ತಪ್ಪಿತು. ಹುಡುಗ ಹಿಗ್ಗಿದ. ನಾನು ಹಿಗ್ಗಲಿಲ್ಲ. ಆ ಮೂರರಲ್ಲಿ ಒಂದು ತಾಳಿ ಕಟ್ಟುವ ಗಳಿಗೆಯಾದರೆ? ಅವನು ಹೊನ್ನಾಳಿಗೆ ಹೋಗಿ ವಧುವಿನ ತಂದೆಗೆ ಇದ್ದುದನ್ನು ಇದ್ದಂತೆ ಹೇಳಿದ. ಅಲ್ಲಿಯ ಸಮವೃತ್ತಿಯವರೊಬ್ಬರಿಂದ ಇನ್ನೊಂದು ಕ್ಯಾಮರಾವನ್ನು ಎರವಲು ತಂದು ಹೆಗಲಿಗೆ ಹಾಕಿಕೊಂಡ. ಮುಹೂರ್ತದ ಹೊತ್ತಿಗೆ ತನ್ನ ಕ್ಯಾಮರಾಕ್ಕೆ ರಿಮೋಟಿನ ತಂತಿಯನ್ನು ಸಿಕ್ಕಿಸಿ, ಎಡಗೈಯಲ್ಲಿ ಅದರ ಗುಂಡಿಯನ್ನು ಹಿಡಿದು ನಿಂತ. ಅಕ್ಷತೆ ಬಿದ್ದಿತು, ವಾದ್ಯ ಮೊಳಗಿತು, ಚಿತ್ರಗಳೂ ಬಿದ್ದವು, ಒಂದೂ ತಪ್ಪಲಿಲ್ಲ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಅದೇ ವಾರ ಜಗಳೂರಿನ ಗೆಳೆಯನೊಬ್ಬ ಕ್ಯಾಮರಾವನ್ನು ತನಗೆ ಕೊಡೆಂದು ಕೇಳಿದ. ರಂಗಯ್ಯನದುರ್ಗದ ವನ್ಯಧಾಮದಲ್ಲಿ ಕೊಂಡುಕುರಿಯ ಚಿತ್ರ ತೆಗೆಯಬೇಕೆಂಬುದು ಅವನ ಹಂಬಲ. ನಾಲ್ಕು ಕೊಂಬಿನ ಆ ನಾಚುಬುರುಕ ಪ್ರಾಣಿ ಪೊದೆಯಿಂದ ತಲೆಯೆತ್ತುವುದು ಒಂದು ಕ್ಷಣ. ಆಗ ಗುಂಡಿ ಮುನಿದರೆ ಮತ್ತೆ ಕಾಣುವುದು ಯಾವಾಗಲೋ.

“ಈಗ ನೂರಕ್ಕೆ ತೊಂಬತ್ತೇಳು ಸರಿಯಾಗಿದೆ. ಅವನು ಹತ್ತು ಫೋಟೋ ತೆಗೆದು ನೋಡಿದರೆ ತಿಳಿಯುವುದೂ ಇಲ್ಲ. ಸಾಲ ತೀರುತ್ತದೆ, ಮಾವ,” ಎಂದ ಹುಡುಗ, ನನ್ನ ಮುಖ ನೋಡದೆ.

“ನಿನಗೆ ಕೊಟ್ಟವರೂ ಹೀಗೆಯೇ ಎಣಿಸಿದ್ದಿರಬಹುದು,” ಎಂದೆ. ಅವನು ಮಾತಾಡಲಿಲ್ಲ. ಸಂಜೆ ಗೆಳೆಯನಿಗೆ ಫೋನು ಮಾಡಿ ಎಲ್ಲವನ್ನೂ ತಿಳಿಸಿದನಂತೆ. ವ್ಯಾಪಾರ ಮುರಿಯಿತು.

ದಾವಣಗೆರೆಯ ರಿಪೇರಿಯವರೊಬ್ಬರು ಹೊಸ ಸ್ವಿಚ್ಚನ್ನು ಕೂಡಿಸಿಕೊಟ್ಟ ಮೇಲೆ ಆ ಕ್ಯಾಮರಾ ಇಂದಿಗೂ ನ್ಯಾಮತಿಯಲ್ಲೇ ದುಡಿಯುತ್ತಿದೆ. ಸಂಘದ ಕಂತು ತಿಂಗಳು ತಿಂಗಳಿಗೆ ಸಲ್ಲುತ್ತಿದೆ. ಜಗಳೂರಿನ ಗೆಳೆಯ ಬೇರೊಂದು ಬಳಸಿದ ಕ್ಯಾಮರಾವನ್ನು ಕೊಂಡ. ಕೊಳ್ಳಲು ಹೊರಟಾಗ ನಮ್ಮ ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋದ. ಮಾರುವವರ ಮನೆಯ ಜಗಲಿಯಲ್ಲಿ ಕುಳಿತು, ಅರ್ಧ ಒತ್ತಿ, ಪೂರ್ತಿ ಒತ್ತಿ, ಅಡ್ಡ ಹಿಡಿದು, ನೆಟ್ಟಗೆ ಹಿಡಿದು, ಗುಂಡಿಯ ಅಂಚನ್ನು ಒತ್ತಿ, ನಡುವನ್ನು ಒತ್ತಿ, ನೂರು ಚಿತ್ರವಾಗುವವರೆಗೂ ಇವನು ಏಳಲಿಲ್ಲವಂತೆ. ಮನೆಯವರು ಎರಡು ಸಲ ಚಹಾ ಕೊಟ್ಟರಂತೆ.