ಚೊಚ್ಚಲ ಪುಸ್ತಕದ ದಾರಿ

ಕನ್ನಡ ಪುಸ್ತಕ ಪ್ರಾಧಿಕಾರ 1993ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ. ಕಚೇರಿ ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹೊಸ ಬರಹಗಾರರಿಗೆ ಇದರ ಎರಡು ಯೋಜನೆಗಳು ಮುಖ್ಯ: ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನ, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನ. ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಹಸ್ತಪ್ರತಿಯನ್ನು ದಾಖಲೆಗಳೊಂದಿಗೆ ಕಳಿಸಬೇಕು; ಆಯ್ಕೆ ಸಮಿತಿ ಓದಿ ತೀರ್ಮಾನಿಸುತ್ತದೆ. ಬರುವ ಹಣ ಅಚ್ಚಿನ ಖರ್ಚನ್ನೆಲ್ಲ ತುಂಬದು. ಆದರೆ ಯಾರ ಪರಿಚಯವೂ ಇಲ್ಲದವರಿಗೆ ಪ್ರಕಾಶಕರ ಮುಂದಿಡಲು ಅದೊಂದು ಶಿಫಾರಸು.

ಈ ಸೀಮೆಯಲ್ಲಿ ಬರೆಯುವವರಿಗೆ, ಕಟ್ಟಿ ಹಾಡುವವರಿಗೆ ಎಂದೂ ಬರವಿರಲಿಲ್ಲ. ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದ ಮನೆಯ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು. ಅದೇ ತಾಲ್ಲೂಕಿನ ಮುದಗಲ್ಲು ಮೊಹರಮ್ಮಿಗೆ ಹೆಸರಾದ ಊರು. ಆ ಹಬ್ಬದ ರಿವಾಯತ್ ಪದಗಳನ್ನು ಕಟ್ಟಿದವರಲ್ಲಿ ಅಚ್ಚು ಕಂಡವರು ಕಡಿಮೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಶಾಲೆ, ಕಚೇರಿಗಳೆಲ್ಲ ಉರ್ದುಮಯವಾಗಿದ್ದವು. ಹಾಗಾಗಿ ಕನ್ನಡದ ಅಚ್ಚುಕೂಟ, ಪ್ರಕಾಶನ ಎರಡೂ ಇಲ್ಲಿ ತಡವಾಗಿಯೇ ಬೇರೂರಿದವು. ಆ ಕಾಲದಲ್ಲಿ ಬೆಳೆದ ಹೆಂಬೆರಾಳಿನ ಸಾಹಿತಿ ಶಾಂತರಸರು 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ನಿಜವಾದ ತೊಡಕು ಅಚ್ಚಾದ ಮೇಲೆ ಶುರುವಾಗುತ್ತದೆ. ಕನ್ನಡದಲ್ಲಿ ಹೊಸಬರ ಕಥೆ, ಕವಿತೆಗಳನ್ನು ಸಾಮಾನ್ಯವಾಗಿ 500ರಿಂದ 1000 ಪ್ರತಿ ಅಚ್ಚು ಹಾಕುತ್ತಾರೆ. ತಾಲ್ಲೂಕು ಕೇಂದ್ರದ ಪುಸ್ತಕದ ಅಂಗಡಿಯಲ್ಲಿ ಪಠ್ಯಪುಸ್ತಕ, ಗೈಡುಗಳದೇ ವ್ಯಾಪಾರ. ಹೀಗಾಗಿ ಪ್ರಕಾಶಕರು ಕಣ್ಣಿಡುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರವೇ ಈ ಖರೀದಿಗೆ ಆಧಾರ. ಆಯ್ಕೆಯಾದ ಶೀರ್ಷಿಕೆಯ 300ರಷ್ಟು ಪ್ರತಿಗಳನ್ನು ಪುಟದ ಲೆಕ್ಕದಲ್ಲಿ ದರ ಕಟ್ಟಿ ಕೊಳ್ಳುವುದು ರೂಢಿ. ಖರೀದಿ ತಡವಾಯಿತೆಂದರೆ ಪ್ರಕಾಶಕರ ಬಂಡವಾಳ ಗೋದಾಮಿನಲ್ಲೇ ಉಳಿಯುತ್ತದೆ, ಹೊಸಬರ ಹಸ್ತಪ್ರತಿ ಹಿಂದಕ್ಕೆ ಸರಿಯುತ್ತದೆ. ತಾವೇ ದುಡ್ಡು ಹಾಕಿ ಪ್ರಕಾಶಕರಾದ ಲೇಖಕರ ಮನೆಯಲ್ಲಿ ಪುಸ್ತಕದ ಕಟ್ಟುಗಳು ಕೂತಿರುತ್ತವೆ. ಬಿಡುಗಡೆಯ ದಿನ ಮಾರಿದ್ದಷ್ಟೇ ಮಾರಾಟ. ಚೊಚ್ಚಲಕ್ಕೆ ಸಿಗುವ ಆಸರೆ ಎರಡನೆಯ ಪುಸ್ತಕಕ್ಕೆ ಇಲ್ಲದಿರುವುದು ಪ್ರಾಧಿಕಾರದ ಈ ಯೋಜನೆಗಳ ದೊಡ್ಡ ಕೊರತೆ.

ಖಾಸಗಿ ದಾರಿಗಳೂ ಇವೆ. ವಸುಧೇಂದ್ರ ಅವರ ಛಂದ ಪುಸ್ತಕ ಪ್ರಕಾಶನ ಇನ್ನೂ ಕಥಾಸಂಕಲನ ಬಾರದವರಿಗಾಗಿ ಹಸ್ತಪ್ರತಿ ಸ್ಪರ್ಧೆ ನಡೆಸಿ, ಗೆದ್ದದ್ದನ್ನು ಪ್ರಕಟಿಸುತ್ತ ಬಂದಿದೆ. ಬಿಡಿ ಕಥೆಗಳಿಗೆ ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಿದೆ. ರಾಯಚೂರು ಸೀಮೆಯ ಆಡುನುಡಿ ಇಂಥಲ್ಲಿ ಈಗ ಅಡ್ಡಿಯಾಗುವುದಿಲ್ಲ. ಇದೇ ಜಿಲ್ಲೆಯ ನುಗಡೋಣಿಯವರಾದ ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ‘ಕನಸೆಂಬ ಕುದುರೆಯನೇರಿ’ ಸಿನಿಮಾ ಮಾಡಿದರು.