ಒಡ್ಡಿನ ಮೇಲಿನ ಕರ್ಚಿಕಾಯಿಗೂ ಒಂದು ಲೆಕ್ಕ ಇರಲಿ

ಮುಂಗಾರು ಬಿದ್ದ ಮೇಲೆ ನಮ್ಮ ಎರೆ ಹೊಲದ ಒಡ್ಡಿನ ಮೇಲೆ ಯಾರೂ ಬಿತ್ತದೇ ಏಳುವ ಬಳ್ಳಿ ಕರ್ಚಿಕಾಯಿ. ಹಬ್ಬದ ಸಿಹಿ ಕರ್ಚಿಕಾಯಿ ಅಲ್ರೀ, ಪಲ್ಯದ್ದು. ಎಣ್ಣೆಯಲ್ಲಿ ಹುರಿದು ಶೇಂಗಾ ಪುಡಿ ಹಾಕಿದರೆ ರೊಟ್ಟಿಗೆ ಬ್ಯಾರೆ ಏನೂ ಬೇಡ. ಇದು ಹಾಗಲಕಾಯಿಯ ಕಾಡು ಸಂಬಂಧಿ, ಸಸ್ಯಶಾಸ್ತ್ರದ ಹೆಸರು ಮೊಮಾರ್ಡಿಕಾ ಸಿಂಬಲೇರಿಯಾ. ಬಳ್ಳಿ ಒಣಗಿದರೂ ನೆಲದೊಳಗೆ ಗಡ್ಡೆ ಉಳಿದು, ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

ದೇವಸುಗೂರು ಹತ್ತಿರದ ಒಂದು ಒಡ್ಡಿನ ಮೇಲೆ ಈ ಬಳ್ಳಿಗಳನ್ನು ಮೂರು ವರ್ಷ ನೋಡಿದ್ದೆ. ಹೋದ ಮಳೆಗಾಲದಲ್ಲಿ ಒಂದೂ ಇರಲಿಲ್ಲ. ಕಳೆನಾಶಕ ಹೊಡೆದು, ಟ್ರ್ಯಾಕ್ಟರ್ ಹಾಯಿಸಿ ಒಡ್ಡು ಸಪಾಟು ಮಾಡಿದ್ದರು. ಹೊಲದವರನ್ನು ಕೇಳಿದೆ. "ಎಲ್ಲಿತ್ತರೀ? ಎಷ್ಟಿತ್ತು? ಮೊದಲೇ ಹೇಳಿದ್ರ ಬಿಡ್ತಿದ್ವಿ" ಅಂದ್ರು. ನನ್ನ ಹತ್ತಿರ ಉತ್ತರವಿರಲಿಲ್ಲ. ಹಳೇ ಫೋನ್ ಕೆಟ್ಟು, ವಾಟ್ಸ್‌ಆ್ಯಪ್‌ನಿಂದ ವಾಪಸ್ ಇಳಿಸಿಕೊಂಡ ನಾಲ್ಕು ಫೋಟೊ ಇದ್ದವು. ಅದರಲ್ಲಿ ಜಾಗವೂ ಇಲ್ಲ, ತಾರೀಖೂ ಇಲ್ಲ. ತೋಟಗಾರಿಕೆ ಪದವಿ ಓದಿಯೂ ಈ ತಪ್ಪು!

ಕಾಡು ಬಳ್ಳಿಗೆ ಇಷ್ಟು ಚಿಂತೆ ಯಾಕೆ? ಭತ್ತದ ಕಥೆ ಕೇಳಿ. ಕಂದು ಜಿಗಿಹುಳು ಹರಡುವ ಗ್ರಾಸಿ ಸ್ಟಂಟ್ ಎಂಬ ನಂಜು ರೋಗ ತಡೆಯುವ ಗುಣ ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಗೆ ಸಿಕ್ಕಿದ್ದು ಒರೈಜಾ ನಿವಾರಾ ಎಂಬ ಕಾಡು ಭತ್ತದಲ್ಲಿ. ಆ ಬೀಜ ಹೋಗಿದ್ದು ನಮ್ಮ ಉತ್ತರ ಪ್ರದೇಶದಿಂದ. 1976ರ ಐಆರ್36 ತಳಿಯಲ್ಲಿ ಆ ಗುಣವಿತ್ತು. ಬೀಜದ ಜೊತೆ ಅದು ಬಂದ ಜಾಗವೂ ದಾಖಲಾಗಿದ್ದಕ್ಕೇ ಇವತ್ತು ನಾವು ಇದನ್ನು ಹೇಳಬಹುದು.

ದಿಲ್ಲಿಯ ಎನ್‌ಬಿಪಿಜಿಆರ್ ಶೀತಲ ಬ್ಯಾಂಕಿನಲ್ಲಿ ಬೀಜ ಉಳಿಯುತ್ತದೆ. ಆದರೆ ಬಿಸಿಲು, ಬರ, ಹುಳು ಕಂಡು ಪೀಳಿಗೆಯಿಂದ ಪೀಳಿಗೆಗೆ ಬದಲಾಗುವುದು ಹೊಲದಂಚಿನ ಗಿಡ ಮಾತ್ರ. ಎರಡೂ ಬೇಕು. ಹೊಲದಂಚಿನ ಲೆಕ್ಕ ನಾವೇ ಇಡಬೇಕು.

ಈಗ ನಾನು ಹೀಗೆ ಮಾಡ್ತೀನಿ:

1. ಜಾಗಕ್ಕೊಂದು ನಂಬರ್: ದೇಸು-01, ದೇಸು-02. ಒಮ್ಮೆ ಕೊಟ್ಟ ನಂಬರ್ ಬದಲಿಸಬಾರದು.

2. ಅಕ್ಷಾಂಶ, ರೇಖಾಂಶ: ದಶಾಂಶದ ನಂತರ ನಾಲ್ಕು ಅಂಕಿ ಬರೀರಿ, ಸುಮಾರು 11 ಮೀಟರ್ ಒಳಗೆ ಜಾಗ ಸಿಗುತ್ತದೆ. ಎರಡೇ ಅಂಕಿ ಬರೆದರೆ ಒಂದು ಕಿಲೋಮೀಟರ್ ಹುಡುಕಬೇಕು.

3. ಪ್ರತಿ ಭೇಟಿಗೆ ಹೊಸ ಸಾಲು: ತಾರೀಖು, ಬಳ್ಳಿ ಎಷ್ಟು, ಹೂವೋ ಕಾಯೋ, ಅಪಾಯ ಏನು. ಹಳೇ ಸಾಲು ಅಳಿಸಬೇಡಿ. ಹುಡುಕಿ ಸಿಗದಿದ್ದರೆ 0 ಬರೀರಿ. ಖಾಲಿ ಬಿಟ್ಟರೆ ಹೋಗೇ ಇಲ್ಲ ಅಂತ ಅರ್ಥ.

4. ಹೆಸರು: ಊರಿನವರು ಕರೆಯುವ ಹೆಸರನ್ನೇ ಮೊದಲು ಬರೀರಿ. ಗುರುತು ಖಾತ್ರಿ ಇಲ್ಲದಿದ್ದರೆ "ಸಂಶಯ" ಅಂತ ಸೇರಿಸಿ.

5. ಫೋಟೊ: ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಜಾಗದ ಮಾಹಿತಿ ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಒಂದು ಪ್ರತಿ ಡ್ರೈವ್‌ನಲ್ಲಿ, ಇನ್ನೊಂದು ನೋಟ್‌ಬುಕ್‌ನಲ್ಲಿ ಇರಲಿ.

ಒಂದು ಎಚ್ಚರಿಕೆ. ಅಪರೂಪದ ಗಿಡದ ನಿಖರ ಜಾಗವನ್ನು ಎಲ್ಲರಿಗೂ ಹಂಚಬೇಡಿ, ಗಡ್ಡೆ ಕೀಳುವವರೂ ನೋಡ್ತಾರೆ. ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಜಾಗ ಮಸುಕು ಮಾಡುವ ಆಯ್ಕೆ ಇದೆ. ಅಜ್ಜಿ ಹೇಳಿದ ಔಷಧಿ ಬಳಕೆಯನ್ನು ಅವರ ಒಪ್ಪಿಗೆ ಇಲ್ಲದೆ ಬರೀಬೇಡಿ.

ಈ ಲೆಕ್ಕಕ್ಕೆ ಕಾನೂನಿನಲ್ಲೂ ಜಾಗ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಇಡಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸ್ರಿ ಅಂತ ಕೇಳಿ. ನಿಮ್ಮ ಹಾಳೆಯ ಪ್ರತಿ ಕೊಡಿ.

ಈ ಮಳೆಗಾಲದಲ್ಲಿ ಇನ್ನೊಂದು ಒಡ್ಡಿನ ಮೇಲೆ ಏಳು ಬಳ್ಳಿ ಸಿಕ್ಕವು: ದೇಸು-02. ಹಾಳೆ, ಮ್ಯಾಪ್ ಎರಡೂ ತೋರಿಸಿದೆ. ಹೊಲದ ಯಜಮಾನರು ಅಷ್ಟು ಜಾಗಕ್ಕೆ ಎಣ್ಣೆ ಹೊಡೆಯೋದಿಲ್ಲ ಅಂದಿದ್ದಾರೆ. ದೇಸು-01ರ ಮುಂದೆ ಈ ಸಲವೂ 0 ಅಂತಲೇ ಬರೆದಿದ್ದೇನೆ. ಗಡ್ಡೆ ಒಂದಾದರೂ ಉಳಿದಿದ್ದರೆ ಎಂದು ಮುಂದಿನ ಮಳೆಗೂ ಹೋಗಿ ನೋಡ್ತೀನಿ.